ಸಾವನದುರ್ಗದ ತಪ್ಪಲಿನ ಅಣಬೆಗಳು

ಮಾಗಡಿಯಿಂದ ಆಗ್ನೇಯಕ್ಕೆ, ಅರ್ಕಾವತಿಯ ಕಣಿವೆಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಎದ್ದುನಿಂತಿರುವ ಸಾವನದುರ್ಗವನ್ನು ನೋಡಲು ಬಂದವರ ಕಣ್ಣು ಸಹಜವಾಗಿಯೇ ಮೇಲಕ್ಕೆ ಹರಿಯುತ್ತದೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಆ ಎರಡು ಮಹಾಶಿಲೆಗಳು, ಮಾಗಡಿಯ ಕೆಂಪೇಗೌಡರ ವಂಶದವರು ಆಳಿ, 1728ರಲ್ಲಿ ಮೈಸೂರಿನ ವಶವಾಗಿ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಆಂಗ್ಲ ಸೇನೆಗೆ ಸೋತ ಕೋಟೆಯ ಭಗ್ನಾವಶೇಷಗಳು, ತಪ್ಪಲಿನ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯವರ ದೇವಾಲಯಗಳು, ಇವೆಲ್ಲವೂ ಯಾತ್ರಿಕನ ಗಮನವನ್ನು ತಮ್ಮ ಕಡೆಗೇ ಸೆಳೆದುಕೊಳ್ಳುವುದರಿಂದ, ಕಾಲಬುಡದ ನೆಲವನ್ನು ನಿಂತು ನೋಡುವ ವ್ಯವಧಾನ ಬಹು ಮಂದಿಗೆ ಉಳಿಯುವುದಿಲ್ಲ. ಆದರೆ ಮುಂಗಾರಿನ ಮೊದಲ ಗುಡುಗುಮಳೆ ಬಿದ್ದು ನಾಲ್ಕಾರು ದಿನ ಕಳೆದ ಮೇಲೆ ಈ ಬೆಟ್ಟದಲ್ಲಿ ನೋಡತಕ್ಕದ್ದು ನೆಲದ ಮೇಲೆಯೇ ಇರುತ್ತದೆ. ದಿಂಡಿಗ, ಹುರುಗಲು, ಮತ್ತಿಯ ಮರಗಳ ನಡುವೆ, ಲಂಟಾನದ ಪೊದೆಗಳು ಬಿಟ್ಟುಕೊಟ್ಟ ಅಷ್ಟಿಷ್ಟು ತೆರಪಿನಲ್ಲಿ, ಗೆದ್ದಲು ಕಟ್ಟಿದ ಹುತ್ತಗಳ ಸುತ್ತ, ಕೊಳೆತ ಕೊರಡಿನ ಮೈಮೇಲೆ, ದನ ಮೇಯ್ದ ಹುಲ್ಲುಗಾವಲಿನಲ್ಲಿ, ನಿನ್ನೆ ಇಲ್ಲದಿದ್ದ ಅಣಬೆಗಳು ಇಂದು ಬೆಳಗ್ಗೆ ಎದ್ದಿರುತ್ತವೆ.

ಕೋಟೆಯ ಮುತ್ತಿಗೆಯ ಕಾಲದಲ್ಲಿ ಈ ಬೆಟ್ಟವನ್ನು ಸುತ್ತಿದ್ದ ಬಿದಿರು ಮತ್ತು ಮುಳ್ಳುಪೊದೆಗಳ ಕಾಡು ಎಷ್ಟು ದಟ್ಟವಾಗಿತ್ತೆಂದರೆ, ಫಿರಂಗಿಗಳನ್ನು ಎಳೆದು ತರುವುದಕ್ಕೆ ಸೈನಿಕರು ಮೊದಲು ಕಾಡನ್ನು ಕಡಿದು ದಾರಿ ಮಾಡಬೇಕಾಯಿತು. ಆ ಕಾಡು ಈಗ ಕುರುಚಲಾಗಿದೆ. ಆದರೂ ಎಲೆಯುದುರುವ ಒಣಕಾಡಿನ ಸ್ವಭಾವವನ್ನು ಅದು ಪೂರ್ತಿಯಾಗಿ ಕಳೆದುಕೊಂಡಿಲ್ಲ. ಔಷಧಿ ಸಸ್ಯಗಳ ಸಂರಕ್ಷಣೆಗೆಂದು ಅರಣ್ಯ ಇಲಾಖೆ ಗುರುತಿಸಿದ ಪ್ರದೇಶವೂ ಅದರಲ್ಲಿ ಸೇರಿದೆ. ಅಲ್ಲಿ ಏಳುವ ಅಣಬೆಯ ಮುಂದೆ ಇಂದು ಎರಡು ಬಗೆಯ ಜನ ನಿಲ್ಲುತ್ತಾರೆ. ಒಬ್ಬರು ಸುತ್ತಲ ಹಳ್ಳಿಗಳವರು. ಯಾವ ಹುತ್ತದಲ್ಲಿ ಯಾವ ಮಳೆಗೆ ಅಣಬೆ ಏಳುವುದೆಂಬುದನ್ನು ಅವರು ತಾಯಿಯಿಂದಲೋ ಅಜ್ಜಿಯಿಂದಲೋ ಕಲಿತವರು, ಕಿತ್ತು ತಂದು ಸಾರು ಮಾಡಿ ಮುದ್ದೆಯೊಡನೆ ಉಂಡವರು. ಇನ್ನೊಬ್ಬರು ವಾರಾಂತ್ಯಕ್ಕೆ ಬೆಂಗಳೂರಿನಿಂದ ಬೆಟ್ಟ ಹತ್ತಲು ಬಂದವರು. ಅವರಿಗೆ ಅಣಬೆಯೆಂದರೆ ಅಂಗಡಿಯ ಪೆಟ್ಟಿಗೆಯೊಳಗಿನ ಬಿಳಿಯ ಗುಂಡು, ಮತ್ತು ಕಾಡಿನ ಅಣಬೆಯ ವಿಷಯದಲ್ಲಿ ಅವರ ಗುರು ಕೈಯಲ್ಲಿರುವ ಮೊಬೈಲು. ಈ ಎರಡನೆಯವರನ್ನೂ, ಹಳ್ಳಿಯಲ್ಲಿ ಹುಟ್ಟಿಯೂ ಆ ವಿದ್ಯೆಯನ್ನು ಅರ್ಧ ಕಲಿತು ಅರ್ಧ ಮರೆತಿರುವ ಮೊದಲನೆಯವರ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಉಚಿತ. ಉಣ್ಣತಕ್ಕ ಅಣಬೆಗಳನ್ನೆಲ್ಲ ಒಂದು ಕಡೆಗೂ ವಿಷದವುಗಳನ್ನೆಲ್ಲ ಇನ್ನೊಂದು ಕಡೆಗೂ ವಿಂಗಡಿಸಿಕೊಡುವ ಒಂದು ಸಾಮಾನ್ಯ ಲಕ್ಷಣ, ಒಂದು ಪರೀಕ್ಷೆ, ಒಂದು ಬಣ್ಣ, ಒಂದು ವಾಸನೆ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ. ಅಣಬೆಯನ್ನು ಬಲ್ಲವನು ಬಲ್ಲದ್ದು ಜಾತಿಯೊಂದನ್ನು: ಅದರ ನೆಲೆ, ಅದರ ಕಾಲ, ಅದರ ಬುಡ, ಅದರ ಬೀಜಾಣುವಿನ ಬಣ್ಣ ಎಲ್ಲವನ್ನೂ ಕೂಡಿಸಿ. ಹೀಗೆ ಒಂದನ್ನೋ ಎರಡನ್ನೋ ಆಮೂಲಾಗ್ರವಾಗಿ ಅರಿತವನು ಕ್ಷೇಮವಾಗಿರುತ್ತಾನೆ. ಎಲ್ಲವನ್ನೂ ಒಂದೇ ಸೂತ್ರದಿಂದ ಅಳೆಯುತ್ತೇನೆಂದು ಹೊರಟವನಿಗೆ ಆ ಕ್ಷೇಮವಿಲ್ಲ.

ನಮ್ಮ ಕಣ್ಣಿಗೆ ಕಾಣುವ ಅಣಬೆ, ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಹಾಗೆ, ಶಿಲೀಂಧ್ರವೆಂಬ ಜೀವಿಯ ಫಲಭಾಗ ಮಾತ್ರ. ಆ ಜೀವಿಯ ನಿಜವಾದ ದೇಹ ನೂಲಿಗಿಂತ ಸೂಕ್ಷ್ಮವಾದ ಎಳೆಗಳ ಜಾಲವಾಗಿ ಮಣ್ಣಿನಲ್ಲಿ, ತರಗೆಲೆಯಲ್ಲಿ, ಮರದ ತಿರುಳಿನಲ್ಲಿ ವರ್ಷವಿಡೀ ಅಡಗಿದ್ದು, ತೇವವೂ ಉಷ್ಣವೂ ಹದಗೂಡಿದ ಗಳಿಗೆಯಲ್ಲಿ ಕೊಡೆಯೆತ್ತಿ, ಆ ಕೊಡೆಯ ಅಡಿಯ ಪದರಗಳಿಂದ ಕೋಟ್ಯಂತರ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ; ಕೊಡೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಕುಸಿದುಹೋಗುತ್ತದೆ. ಗುಡುಗಿದರೆ ಅಣಬೆ ಏಳುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಉಂಟು. ಕಾಳಿದಾಸನ ಮೇಘದೂತದಲ್ಲಿಯೂ ಮೇಘಗರ್ಜನೆಯು ಭೂಮಿಯಿಂದ ಶಿಲೀಂಧ್ರಗಳನ್ನು ಎಬ್ಬಿಸುವ ಭಾವವಿದೆ. ಗುಡುಗಿನೊಡನೆ ಬರುವ ಆ ಮೊದಲ ಜೋರುಮಳೆ ಬೇಸಗೆಯ ಕಾದ ಮಣ್ಣನ್ನು ಆಳದವರೆಗೆ ನೆನೆಸುವುದರಿಂದ, ಈ ನಂಬಿಕೆಯ ಹಿಂದೆ ಶತಮಾನಗಳ ನಿಷ್ಠೆಯ ವೀಕ್ಷಣೆಯಿದೆಯೆಂದು ಒಪ್ಪಬೇಕು.

ಪ್ರಾಚೀನರೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಮನುಸ್ಮೃತಿ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಗೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿತು. ವೈದ್ಯರು ಮಾತ್ರ ನಿಷೇಧಕ್ಕೆ ತೃಪ್ತರಾಗದೆ ಭೇದವನ್ನು ಹುಡುಕಿದರು. ಚರಕಸಂಹಿತೆ ಸರ್ಪಚ್ಛತ್ರಕವೆಂಬುದೊಂದನ್ನು ಹೊರಗಿಟ್ಟು, ಉಳಿದ ಛತ್ರಜಾತಿಗಳು ಶೀತವೂ ಮಧುರವೂ ಗುರುವೂ ಆದವೆಂದೂ ನೆಗಡಿಯನ್ನು ತರುವುವೆಂದೂ ಹೇಳುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಅನ್ನಪಾನಗಳ ಗುಣವನ್ನು ವಿವರಿಸುವ ಅಧ್ಯಾಯದಲ್ಲಿ, ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು ಎಂದು ಐದು ಬಗೆಗಳನ್ನು ಹುಟ್ಟಿದ ನೆಲೆಯಿಂದ ಬೇರ್ಪಡಿಸಿ ಒಂದೊಂದರ ಗುಣವನ್ನು ಬೇರೆ ಬೇರೆಯಾಗಿ ಹೇಳಿದೆ. ಆ ಗುಣವರ್ಣನೆಯನ್ನು ಇಂದು ಅಕ್ಷರಶಃ ಒಪ್ಪುವ ಅಗತ್ಯವಿಲ್ಲ. ಆದರೆ ಅಣಬೆಯನ್ನು ಕೈಗೆತ್ತಿಕೊಳ್ಳುವ ಮೊದಲು ಅದು ಎಲ್ಲಿ ಹುಟ್ಟಿದೆಯೆಂದು ಕೇಳಬೇಕೆಂಬ ಅವರ ಕ್ರಮ ಇಂದಿನ ಶಿಲೀಂಧ್ರಶಾಸ್ತ್ರಕ್ಕೂ ಮೊದಲ ಪಾಠವಾಗಿದೆ.

ನಮ್ಮ ಸೀಮೆಯಲ್ಲಿ ಈ ಪಾಠವನ್ನು ಕಲಿಸುವುದಕ್ಕೆ ಹುತ್ತದ ಅಣಬೆಗಿಂತ ಯೋಗ್ಯವಾದದ್ದು ಇನ್ನೊಂದಿಲ್ಲ. ಕೊಡಗಿನವರು ಕುಮ್ಮು ಎಂದೂ ತುಳುವರು ಲಾಂಬು ಎಂದೂ ಕರೆದು ಮಳೆಗಾಲದಲ್ಲಿ ಆಸೆಪಟ್ಟು ಉಣ್ಣುವ ಅಣಬೆಗಳಲ್ಲಿ ಮುಖ್ಯವಾದವು ಈ ಗುಂಪಿನವೇ. ಫ್ರಾನ್ಸಿನ ರೋಜರ್ ಹೈಮ್ ಎಂಬ ವಿದ್ವಾಂಸನು 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟನು. 1979ರಲ್ಲಿ ದಕ್ಷಿಣ ಭಾರತದ ಒಂದು ಜಾತಿಯನ್ನು ವರ್ಣಿಸಿದ ನಟರಾಜನ್ ಅವರು ಆ ಹೈಮ್‌ನ ಹೆಸರನ್ನೇ ಅದಕ್ಕೆ ಕೊಟ್ಟರು. ಇದರ ಜೀವನಕ್ರಮ ಆಶ್ಚರ್ಯಕರವಾದದ್ದು. ನಮ್ಮ ಹೊಲಗದ್ದೆಗಳಲ್ಲಿಯೂ ಕಾಡಿನಲ್ಲಿಯೂ ಹುತ್ತವನ್ನೆಬ್ಬಿಸುವ ಓಡೊಂಟೋಟರ್ಮಿಸ್ ಕುಲದ ಗೆದ್ದಲುಗಳು ಮರದ ನಾರನ್ನು ತಾವಾಗಿಯೇ ಚೆನ್ನಾಗಿ ಜೀರ್ಣಿಸಿಕೊಳ್ಳಲಾರವು. ಆದುದರಿಂದ ಅವು ಒಣಗಿದ ಎಲೆ, ಕಡ್ಡಿ, ತೊಗಟೆಗಳನ್ನು ತಿಂದು, ಅರೆಜೀರ್ಣವಾದ ಆ ಮಲದಿಂದ ಗೂಡಿನೊಳಗೆ ರಂಧ್ರಮಯವಾದ ಹಟ್ಟಿಗಳನ್ನು ಕಟ್ಟಿ, ಅವುಗಳ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಶಿಲೀಂಧ್ರವು ನಾರನ್ನು ಒಡೆದು ಮೃದುಮಾಡಿ ಬಿಳಿಯ ಸಣ್ಣ ಗಂಟುಗಳನ್ನು ಬಿಡುತ್ತದೆ. ಗೆದ್ದಲುಗಳು ಆ ಗಂಟುಗಳನ್ನೂ ಹಣ್ಣಾದ ಹಳೆಯ ಹಟ್ಟಿಯನ್ನೂ ತಿಂದು ಬದುಕುತ್ತವೆ. ಆಫ್ರಿಕದಲ್ಲಿ ಆರಂಭವಾದ ಈ ಒಪ್ಪಂದ ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯದೆಂದು ಜೀವವಿಜ್ಞಾನಿಗಳ ಗಣನೆ. ಮನುಷ್ಯನು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮುಂಚೆಯೇ ಕೃಷಿಯೆಂಬುದು ನೆಲದಡಿಯಲ್ಲಿ ಸಾಗಿತ್ತು. ಮನುಷ್ಯನಿಗಾದರೋ ಈ ಅಣಬೆಯನ್ನು ಗೆದ್ದಲಿನ ನೆರವಿಲ್ಲದೆ ವ್ಯಾಪಾರಕ್ಕಾಗುವಷ್ಟು ಬೆಳೆಸುವುದು ಇಂದಿಗೂ ಸಾಧ್ಯವಾಗಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೇರೆ ಹಲವು ಅಣಬೆಗಳನ್ನು ಬೆಳೆಸುವ ಕ್ರಮವನ್ನು ಕಲಿಸಿಕೊಡುತ್ತಾರೆ. ಹುತ್ತದ ಅಣಬೆಯನ್ನು ಮಾತ್ರ ಹುತ್ತವೇ ಕೊಡಬೇಕು.

ಈ ಜೀವನಕ್ರಮವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಗುರುತಿನ ಲಕ್ಷಣಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಮಳೆಗಾಲದಲ್ಲಿ ಗೂಡಿನ ಹಟ್ಟಿಯಿಂದ ಹೊರಟ ಅಣಬೆಯು ಒಂದು ಗೇಣಿನಿಂದ ಹಿಡಿದು ಮೊಳಕ್ಕೂ ಮಿಗಿಲಾದ ಮಣ್ಣನ್ನು ಭೇದಿಸಿ ಮೇಲೆ ಬರಬೇಕಾದುದರಿಂದ, ಅದರ ಟೋಪಿಯ ನಡುನೆತ್ತಿಯಲ್ಲಿ ಗಟ್ಟಿಯಾದ, ಸಾಮಾನ್ಯವಾಗಿ ಉಳಿದ ಭಾಗಕ್ಕಿಂತ ಕಪ್ಪಾದ ಒಂದು ಮೊನೆ ಇರುತ್ತದೆ. ದಂಟು ನೆಲದ ಮಟ್ಟದಲ್ಲಿ ಮುಗಿಯದೆ, ಬೇರನ್ನು ಹೋಲುವ ಉದ್ದನೆಯ ಬಾಲವಾಗಿ ಕೆಳಗಿಳಿದು ಗೂಡಿನಲ್ಲಿ ಕೊನೆಗೊಳ್ಳುತ್ತದೆ. ದಂಟಿನ ತಿರುಳು ಟೊಳ್ಳಲ್ಲ, ನಾರುನಾರಾಗಿ ಗಟ್ಟಿಯಾಗಿರುತ್ತದೆ. ಟೋಪಿಯ ಅಡಿಯ ಪದರಗಳು ದಂಟಿಗೆ ಅಂಟಿಕೊಳ್ಳದೆ ಬಿಡಿಯಾಗಿದ್ದು, ಎಳೆಯದರಲ್ಲಿ ಬಿಳಿಯಾಗಿ ಬಲಿತಾಗ ನಸುಗೆಂಪಿನ ಛಾಯೆಗೆ ತಿರುಗುತ್ತವೆ. ಬುಡದಲ್ಲಿ ಚೀಲವಿರುವುದಿಲ್ಲ. ದಂಟಿನ ಮೇಲಿನ ಉಂಗುರ ಕೆಲವು ಜಾತಿಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಆದುದರಿಂದ ಅದನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಒಂದೇ ಕಡೆ ನೂರಾರು ಎದ್ದು ನೆಲವನ್ನೇ ಮುಚ್ಚುವ ಅತಿ ಸಣ್ಣ ಜಾತಿಯೊಂದಕ್ಕೆ ಈ ಬೇರುಬಾಲವೂ ಇಲ್ಲ, ಏಕೆಂದರೆ ಅದು ಗೆದ್ದಲುಗಳು ಹೊರಕ್ಕೆ ತಂದು ಚೆಲ್ಲಿದ ಹಟ್ಟಿಯ ಚೂರುಗಳ ಮೇಲೆಯೇ ಹುಟ್ಟುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅತ್ಯವಶ್ಯ. ಟೋಪಿಯನ್ನು ಹಿಡಿದು ಎಳೆದರೆ ಬೇರುಬಾಲ ಮಣ್ಣಿನಲ್ಲಿಯೇ ಮುರಿದು ಉಳಿಯುತ್ತದೆ, ಅದರೊಡನೆ ಗುರುತಿನ ಪ್ರಧಾನ ಸಾಕ್ಷಿಯೂ ಉಳಿದುಹೋಗುತ್ತದೆ. ಬಲ್ಲವರು ಪಕ್ಕದ ಮಣ್ಣನ್ನು ಮೆಲ್ಲನೆ ಬಿಡಿಸಿ, ಬುಡ ಕೆಳಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡು ಆಮೇಲೆ ಕೀಳುತ್ತಾರೆ. ಎರಡನೆಯದು ಇನ್ನೂ ಮುಖ್ಯವಾದದ್ದು. ಹುತ್ತದ ಪಕ್ಕದಲ್ಲಿ ಎದ್ದದ್ದೆಲ್ಲ ಹುತ್ತದ ಅಣಬೆಯಲ್ಲ. ಹುತ್ತದ ಸುತ್ತ ಹುಲ್ಲೂ ತರಗೂ ಇರುವುದರಿಂದ ಅವನ್ನು ಕೊಳೆಸಿ ಬದುಕುವ ಇತರ ಅಣಬೆಗಳೂ ಅಲ್ಲಿ ಏಳುತ್ತವೆ. ಗೆದ್ದಲಿನ ಗೂಡಿಗೂ ಅವಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಮತ್ತೊಂದು ಕಡೆ, ಗೂಡು ಪೂರ್ತಿಯಾಗಿ ನೆಲದೊಳಗಿದ್ದು ಮೇಲೆ ಹುತ್ತವೇ ಕಾಣದ ಬಯಲಿನಲ್ಲಿ ನಿಜವಾದ ಹುತ್ತದ ಅಣಬೆ ಎದ್ದಿರುವುದೂ ಉಂಟು. ಹುತ್ತ ಕಂಡಿತೆಂದು ನಂಬುವುದೂ ತಪ್ಪು, ಕಾಣಲಿಲ್ಲವೆಂದು ತಳ್ಳುವುದೂ ತಪ್ಪು, ಬುಡವನ್ನು ನೋಡಬೇಕು.

ಹುತ್ತದ ಅಣಬೆಯೆಂದು ಭ್ರಮಿಸಿ ಜನ ಮೋಸಹೋಗಬಹುದಾದ ಅಣಬೆಗಳಲ್ಲಿ ಮೊದಲು ಹೆಸರಿಸತಕ್ಕದ್ದು ಕ್ಲೋರೋಫಿಲಮ್ ಮೊಲಿಬ್ಡೈಟೀಸ್ ಎಂಬುದು. ಮಳೆ ಬಿದ್ದ ಹುಲ್ಲುಗಾವಲು, ಉದ್ಯಾನದ ಹಸಿರುಹಾಸು, ತೋಟದ ಅಂಚುಗಳಲ್ಲಿ ಕೆಲವೊಮ್ಮೆ ವರ್ತುಲಾಕಾರವಾಗಿ ಏಳುವ ಇದು ನೋಡುವುದಕ್ಕೆ ಸುಂದರವೂ ಪುಷ್ಟವೂ ಆದ ಅಣಬೆ: ಅಂಗೈಯಗಲಕ್ಕೂ ಮಿಗಿಲಾದ ಬಿಳಿಯ ಟೋಪಿ, ಅದರ ಮೇಲೆ ಕಂದುಬಣ್ಣದ ಚಕ್ಕೆಗಳು, ದಂಟಿನ ಸುತ್ತ ಮೇಲಕ್ಕೂ ಕೆಳಕ್ಕೂ ಜಾರಿಸಬಹುದಾದ ಉಂಗುರ. ಎಳೆಯದರಲ್ಲಿ ಇದರ ಪದರಗಳೂ ಬಿಳಿಯೇ. ಆದುದರಿಂದ ಅಡಿಯನ್ನು ತಿರುಗಿಸಿ ನೋಡಿದವನೂ ಮೋಸಹೋಗುತ್ತಾನೆ. ಬಲಿತ ಮೇಲೆ ಮಾತ್ರ ಅವು ಬೂದಿ ಬೆರೆತ ಹಸುರಿಗೆ ತಿರುಗುತ್ತವೆ. ಇದನ್ನು ಉಂಡವರಿಗೆ ಒಂದರಿಂದ ಮೂರು ಗಂಟೆಯೊಳಗೆ ತೀವ್ರವಾದ ವಾಂತಿ, ಹೊಟ್ಟೆನುಲಿ, ಭೇದಿ ಆರಂಭವಾಗುತ್ತವೆ. ದೊಡ್ಡವರು ಸಾಯುವುದು ಅಪೂರ್ವ. ಆದರೆ ಚಿಕ್ಕ ಮಕ್ಕಳಿಗೂ ವೃದ್ಧರಿಗೂ ದೇಹದ ನೀರು ಬತ್ತುವುದರಿಂದಲೇ ಪ್ರಾಣಾಪಾಯ ಒದಗಬಹುದು.

ಈ ಮೋಸವನ್ನು ಬಯಲಿಗೆಳೆಯುವ ಸರಳವಾದ ಪ್ರಯೋಗವೊಂದನ್ನು ಯಾರಾದರೂ ಮನೆಯಲ್ಲಿ ಮಾಡಬಹುದು. ಶಾಲೆಯ ಮಕ್ಕಳಿಂದ ಮಾಡಿಸತಕ್ಕದ್ದೂ ಹೌದು. ಅರ್ಧ ಬಿಳಿಯ, ಅರ್ಧ ಕಪ್ಪು ಕಾಗದದ ಮೇಲೆ, ದಂಟನ್ನು ಕತ್ತರಿಸಿದ ಟೋಪಿಯನ್ನು ಪದರಗಳು ಕೆಳಮುಖವಾಗುವಂತೆ ಇಟ್ಟು, ಮೇಲೊಂದು ಬಟ್ಟಲನ್ನು ಕವಿಚಿ ರಾತ್ರಿಯೆಲ್ಲ ಬಿಟ್ಟರೆ, ಬೆಳಗ್ಗೆ ಉದುರಿದ ಬೀಜಾಣುಗಳು ಕಾಗದದ ಮೇಲೆ ತಮ್ಮ ನಿಜವಾದ ಬಣ್ಣದ ಅಚ್ಚನ್ನು ಮೂಡಿಸಿರುತ್ತವೆ. ಹುತ್ತದ ಅಣಬೆಯ ಅಚ್ಚು ನಸುಗೆಂಪು. ಕ್ಲೋರೋಫಿಲಮ್ಮಿನದು ಹಸುರು, ಹಸುರು ಅಚ್ಚು ಬಿಡುವ ದೊಡ್ಡ ಅಣಬೆಗಳು ಲೋಕದಲ್ಲಿಯೇ ವಿರಳವಾದುದರಿಂದ ಈ ಸಾಕ್ಷ್ಯ ಪ್ರಬಲವಾದದ್ದು. ಹುಲ್ಲುಗಾವಲಿನ ಅಗ್ಯಾರಿಕಸ್ ಎಂಬ ಅಣಬೆಯದು ಗಾಢವಾದ ಕಂದು. ಅಮಾನಿಟಾ ಕುಲದ ಮಾರಕ ಅಣಬೆಗಳ ಅಚ್ಚು ಬಿಳಿ. ಆದರೆ ಅಚ್ಚು ನಸುಗೆಂಪಾದ ಮಾತ್ರಕ್ಕೆ ಅಣಬೆ ಉಣ್ಣತಕ್ಕದ್ದೆಂದಾಗಲಿಲ್ಲ. ಎಂಟೊಲೋಮಾ ಕುಲದ ವಿಷದ ಜಾತಿಗಳೂ ಅದೇ ಬಣ್ಣದ ಅಚ್ಚನ್ನು ಬಿಡುತ್ತವೆ. ಒಂದು ಲಕ್ಷಣದಿಂದ ಅಣಬೆಯನ್ನು ತಿರಸ್ಕರಿಸಬಹುದು. ಸ್ವೀಕರಿಸಬೇಕಾದರೆ ಎಲ್ಲ ಲಕ್ಷಣಗಳೂ ಕೂಡಿಬರಬೇಕು.

ಇದೇ ನ್ಯಾಯಕ್ಕೆ ಭತ್ತದ ಹುಲ್ಲಿನ ಅಣಬೆ ಇನ್ನೊಂದು ನಿದರ್ಶನ. ಕಣದ ಮೂಲೆಯಲ್ಲಿ ನೆನೆದು ಬಿಸಿಯೇರಿದ ಹುಲ್ಲಿನ ಬಣವೆಯಿಂದ ಹೊರಡುವ ಈ ಬೂದುಬಣ್ಣದ ಅಣಬೆ ರುಚಿಕರವೆಂದು ಪ್ರಸಿದ್ಧ. ಪೂರ್ವ ಏಷ್ಯಾದ ದೇಶಗಳಲ್ಲಿ ಅದನ್ನು ವಿಶೇಷವಾಗಿ ಬೆಳೆಸುತ್ತಾರೆ. ಅದರ ಬುಡದಲ್ಲಿ ಚೀಲವಿದೆ. ಅಮಾನಿಟಾದ ಬುಡದಲ್ಲಿಯೂ ಚೀಲವಿದೆ. ಚೀಲವಿದ್ದದ್ದೆಲ್ಲ ವಿಷವೆಂದು ಕಲಿತವನು ಒಳ್ಳೆಯ ಆಹಾರವೊಂದನ್ನು ಎಸೆದನು, ಅಷ್ಟೆ. ಹುಲ್ಲಿನ ಅಣಬೆಯನ್ನು ಉಂಡು ಬಲ್ಲವನು ಬೇರೆ ನಾಡಿನ ಕಾಡಿಗೆ ಹೋಗಿ ಅಲ್ಲಿನ ಅಮಾನಿಟಾದ ಮೊಗ್ಗನ್ನು ಅದೇ ಎಂದು ಭಾವಿಸಿ ಕಿತ್ತರೆ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬಗಳಲ್ಲಿ ಈ ಅನಾಹುತ ನಿಜವಾಗಿಯೂ ಸಂಭವಿಸಿದೆ. ಅವರ ತಿಳಿವಳಿಕೆ ತಮ್ಮ ನೆಲದಲ್ಲಿ ನಿರ್ದುಷ್ಟವಾಗಿತ್ತು. ನಮ್ಮಲ್ಲಿಯೂ ಮಲೆನಾಡಿನಲ್ಲಿ ಕಲಿತ ಅಣಬೆಯ ವಿದ್ಯೆಯನ್ನು ಮಾಗಡಿಯ ಒಣಕಾಡಿಗೆ, ಮಾಗಡಿಯದನ್ನು ಊಟಿಯ ಪೈನ್ ತೋಪಿಗೆ ಹಾಗೆಯೇ ಹೊತ್ತೊಯ್ಯುವುದು ಕ್ಷೇಮಕರವಲ್ಲ.

ಅಮಾನಿಟಾ ಫಲ್ಲೋಯಿಡೀಸ್ ಎಂಬ ಕುಪ್ರಸಿದ್ಧವಾದ ಮೃತ್ಯುಚ್ಛತ್ರವು ಯೂರೋಪಿನ ಓಕ್ ಮುಂತಾದ ಮರಗಳ ಬೇರುಗಳೊಡನೆ ಸಹಜೀವನ ನಡೆಸುವಂಥದು. ಸಾವನದುರ್ಗದ ದಿಂಡಿಗ, ಹುರುಗಲುಗಳ ಕಾಡು ಅದರ ಸ್ವಾಭಾವಿಕವಾದ ನೆಲೆಯಲ್ಲ. ಆದರೆ ಅದರಲ್ಲಿರುವ ಅಮಾನಿಟಿನ್ ಎಂಬ ವಿಷವೇ ಲೆಪಿಯೋಟಾ ಕುಲದ ಕೆಲವು ಪುಟ್ಟ ಅಣಬೆಗಳಲ್ಲಿಯೂ ಇದೆ. ಅವು ಮರದ ನಂಟನ್ನು ಬಯಸದೆ ತರಗೆಲೆಯಲ್ಲಿ, ಹುಲ್ಲುಹಾಸಿನಲ್ಲಿ ಬೆಳೆಯತಕ್ಕವು. ಜರ್ಮನಿಯ ಹೈನ್ರಿಖ್ ವೀಲಾಂಡ್ 1941ರಲ್ಲಿ ತನ್ನ ಸಹೋದ್ಯೋಗಿಯೊಡನೆ ಬೇರ್ಪಡಿಸಿದ ಈ ವಿಷ ಕುದಿಸಿದರೂ ಹುರಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ಅದಕ್ಕೆ ಕೆಟ್ಟ ರುಚಿಯೂ ಇಲ್ಲ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 0.1 ಮಿಲಿಗ್ರಾಮಿನಷ್ಟು ಸೇರಿದರೆ ಸಾಕು, ಅದು ಮಾರಕ. ಬಲಿತ ಮೃತ್ಯುಚ್ಛತ್ರವೊಂದರಲ್ಲಿಯೇ ಒಬ್ಬ ವಯಸ್ಕನಿಗೆ ಸಾಕಾಗುವಷ್ಟು ಇರಬಲ್ಲದು. ಜೀವಕೋಶವು ಹೊಸ ಪ್ರೋಟೀನುಗಳನ್ನು ಕಟ್ಟಿಕೊಳ್ಳಲು ಬೇಕಾದ ಆರ್‌ಎನ್‌ಎ ಪ್ರತಿಗಳು ತಯಾರಾಗುವುದನ್ನೇ ಅದು ತಡೆಯುವುದರಿಂದ, ಹೆಚ್ಚು ದುಡಿಯುವ ಯಕೃತ್ತು ಮೊದಲು ಸಾಯುತ್ತದೆ.

ಈ ವಿಷದ ಅತ್ಯಂತ ಕ್ರೂರವಾದ ಗುಣ ಅದರ ಮೌನ. ಉಂಡ ಮೇಲೆ ಆರು ಗಂಟೆಯಿಂದ ಒಂದು ದಿನದವರೆಗೂ ಏನೂ ತೋರುವುದಿಲ್ಲ. ಆಮೇಲೆ ಬಂದ ವಾಂತಿಭೇದಿಗಳು ಒಂದು ದಿನ ಬಾಧಿಸಿ ತಗ್ಗುತ್ತವೆ. ರೋಗಿ ಎದ್ದು ಕುಳಿತು ಗಂಜಿ ಕುಡಿಯುತ್ತಾನೆ, ಮನೆಯವರು ನೆಮ್ಮದಿಯಿಂದ ಉಸಿರುಬಿಡುತ್ತಾರೆ. ಮೂರನೆಯ ಅಥವಾ ನಾಲ್ಕನೆಯ ದಿನ ಕಣ್ಣು ಹಳದಿಯಾಗಿ, ಯಕೃತ್ತು ಸೋತು, ಪ್ರಜ್ಞೆ ತಪ್ಪುವ ಹೊತ್ತಿಗೆ ಚಿಕಿತ್ಸೆಯ ಸುಸಮಯ ಕಳೆದುಹೋಗಿರುತ್ತದೆ. 1740ರ ಅಕ್ಟೋಬರಿನಲ್ಲಿ ಆಸ್ಟ್ರಿಯವನ್ನು ಆಳುತ್ತಿದ್ದ ಪವಿತ್ರ ರೋಮನ್ ಚಕ್ರವರ್ತಿ ಆರನೆಯ ಚಾರ್ಲ್ಸನು ಅಣಬೆಯ ಭಕ್ಷ್ಯವನ್ನು ಉಂಡು ಕಾಯಿಲೆ ಬಿದ್ದು ಕೆಲವು ದಿನಗಳಲ್ಲಿ ತೀರಿಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ. ಅವನ ಸಿಂಹಾಸನಕ್ಕಾಗಿ ಎದ್ದ ಯುದ್ಧ 1746ರಲ್ಲಿ ಮದರಾಸಿನ ಕೋಟೆಯವರೆಗೂ ಬಂದು, ಆಂಗ್ಲರೂ ಫ್ರೆಂಚರೂ ನಮ್ಮ ನೆಲದಲ್ಲಿ ಕಾದಾಡುವಂತಾಯಿತು. ಆದರೆ ಚಕ್ರವರ್ತಿಗಳ ಕಥೆಗಿಂತ ನಮ್ಮನ್ನು ಹೆಚ್ಚು ಕಾಡಬೇಕಾದದ್ದು 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ನಡೆದದ್ದು. ಅಲ್ಲಿನ ಚಹಾತೋಟಗಳ ಸೀಮೆಯಲ್ಲಿ, ವರ್ಷವರ್ಷವೂ ಕಾಡಣಬೆಯನ್ನು ಕಿತ್ತು ಉಣ್ಣುವ ಕೂಲಿಕಾರರ ಕುಟುಂಬಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ 13 ಮಂದಿ ದಿಬ್ರೂಗಢದ ಆಸ್ಪತ್ರೆಯಲ್ಲಿ ಸತ್ತರು. ಅವರು ಅಜ್ಞಾನದಿಂದ ಸತ್ತರೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ನ್ಯಾಯವಲ್ಲ. ಬಡವರ ತಾಟಿಗೆ ಮಳೆಗಾಲ ತಂದುಕೊಡುವ ಪೌಷ್ಟಿಕವಾದ ಆಹಾರ ಅದು. ಅದರ ಮೇಲಣ ನಂಬಿಕೆ ತಲೆಮಾರುಗಳಿಂದ ಬಂದದ್ದು.

ಪರೀಕ್ಷೆಗಳ ಹೆಸರಿನಲ್ಲಿ ಹಬ್ಬಿರುವ ಭ್ರಾಂತಿಗಳನ್ನು ಇಲ್ಲಿ ಸ್ಪಷ್ಟವಾಗಿ ನಿರಾಕರಿಸಬೇಕು, ಏಕೆಂದರೆ ಜನರನ್ನು ಕೊಲ್ಲುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಈ ಸುಳ್ಳು ಧೈರ್ಯ. ಅಣಬೆಯೊಡನೆ ಬೇಯಿಸಿದ ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ, ಆಗದಿದ್ದರೆ ಒಳ್ಳೆಯದು ಎನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಅಮಾನಿಟಿನ್ನಿನಿಂದ ಅದು ಕಪ್ಪಾಗುವುದಿಲ್ಲ. ಬೆಳ್ಳುಳ್ಳಿ, ಅಕ್ಕಿ, ಅರಿಶಿನಗಳ ಬಣ್ಣ ತಿರುಗುವುದನ್ನು ನೋಡುವವರೂ ಇದ್ದಾರೆ; ಅವುಗಳಿಗೂ ಈ ವಿಷವನ್ನು ಕಂಡುಹಿಡಿಯುವ ಶಕ್ತಿಯಿಲ್ಲ. ಹುಳ ತಿಂದ ಅಣಬೆ ಮನುಷ್ಯನಿಗೂ ಕ್ಷೇಮವೆಂಬುದು ಇನ್ನೊಂದು ಮಾತು. ಬಸವನಹುಳುಗಳು ಮೃತ್ಯುಚ್ಛತ್ರವನ್ನು ತಿಂದು ಸುಖವಾಗಿರುತ್ತವೆ. ಟೋಪಿಯ ಸಿಪ್ಪೆ ಸುಲಿದು ಬಂದರೆ ಒಳ್ಳೆಯದೆನ್ನುವುದೂ ಸುಳ್ಳು. ಮೃತ್ಯುಚ್ಛತ್ರದ ಸಿಪ್ಪೆಯೂ ಸುಲಿಯುತ್ತದೆ. ಬಣ್ಣಬಣ್ಣದ್ದು ಕೆಟ್ಟದ್ದು, ಬಿಳಿಯದು ಒಳ್ಳೆಯದೆಂಬ ನಂಬಿಕೆಯಂತೂ ಎಲ್ಲಕ್ಕಿಂತ ಅಪಾಯಕಾರಿ. ಲೋಕದ ಅತಿ ಘೋರವಾದ ಅಣಬೆಗಳಲ್ಲಿ ಶುಭ್ರ ಧವಳವರ್ಣದವೂ ಇವೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹೆಸರು ಕೇಳುವ ಹೊಸ ಪರೀಕ್ಷೆಯನ್ನೂ ಇದೇ ಸಾಲಿಗೆ ಸೇರಿಸಬೇಕಾಗಿದೆ; ಮಣ್ಣಿನೊಳಗಿನ ಬುಡವನ್ನೂ ಬೀಜಾಣುವಿನ ಅಚ್ಚನ್ನೂ ಆ ಚಿತ್ರ ಕಾಣದು.

ಕಾಡಿನಲ್ಲಿ ನಡೆಯುವಾಗ ಕಣ್ಣಿಗೆ ಬೀಳುವ ಇನ್ನು ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ಸತ್ತ ಕೊಂಬೆಯ ಮೇಲೆ ಬೀಸಣಿಗೆಯಾಕಾರದಲ್ಲಿ ಸಾಲಾಗಿ ಹತ್ತಿರುವ, ಮೇಲೆ ಬೂದುಬಣ್ಣದ ರೋಮವುಳ್ಳ ಪುಟ್ಟ ಅಣಬೆ ಸ್ಕೈಜೋಫಿಲಮ್. ಉಜ್ಜ್ವಲವಾದ ಕಿತ್ತಳೆಗೆಂಪಿನ, ತೊಗಲಿನಷ್ಟು ಗಡುಸಾದದ್ದು ಪಿಕ್ನೋಪೋರಸ್. ಹೊಂಗೆ, ಹುಣಸೆಯಂಥ ಮರಗಳ ಬುಡದಲ್ಲಿ ಎಣ್ಣೆ ಬಳಿದಂತೆ ಮಿರುಗುವ ಕೆಂಗಂದು ಹಲಗೆ ಗ್ಯಾನೋಡರ್ಮ, ಅದು ಬಂದ ಮರದ ಬೇರು ಕೊಳೆಯುತ್ತಿದೆಯೆಂದು ಅರ್ಥ. ಮಳೆಗಾಲದ ಹುಲ್ಲಿನಲ್ಲಿ ಎದ್ದ ಬಿಳಿಯ ಗುಂಡುಗಳನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳಗೆಲ್ಲ ಏಕಪ್ರಕಾರವಾಗಿ ಬಿಳಿಯಿದ್ದರೆ ಅದು ಎಳೆಯ ಧೂಳುಗುಂಡು, ಟೋಪಿ ಮತ್ತು ದಂಟಿನ ಆಕಾರ ಅಡಗಿದ್ದರೆ ಅಮಾನಿಟಾದ ಮೊಗ್ಗೂ ಆಗಿರಬಹುದು, ಕಪ್ಪಾಗಿದ್ದರೆ ವಿಷಕಾರಿಯಾದ ಸ್ಕ್ಲೆರೋಡರ್ಮವಾಗಿರಬಹುದು. ಒಣಹುಲ್ಲಿನ ಬಣ್ಣದ, ಚೂಪುನೆತ್ತಿಯ, ನೂಲುನೂಲಾಗಿ ಸೀಳುವ ಸಣ್ಣ ಟೋಪಿಗಳ ಇನೋಸೈಬೆ ಜಾತಿಗಳಲ್ಲಿ ಹಲವು ಮಸ್ಕರಿನ್ ಎಂಬ ವಿಷವನ್ನು ಹೊತ್ತಿರುತ್ತವೆ. ಅವುಗಳ ಚೂಪುನೆತ್ತಿಯಿಂದಾಗಿ ಸಣ್ಣ ಹುತ್ತದ ಅಣಬೆಯೆಂಬ ಭ್ರಾಂತಿ ಉಂಟಾಗುವುದು ಸುಲಭ. ಉಂಡ ಎರಡು ಗಂಟೆಯೊಳಗೆ ಮೈಯೆಲ್ಲ ಬೆವರಿ, ಜೊಲ್ಲು ಸುರಿದು, ನಾಡಿ ಮಂದವಾಗುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಮದ್ದು ಆಸ್ಪತ್ರೆಗಳಲ್ಲಿ ಉಂಟು.

ಅಣಬೆ ಉಂಡ ಮೇಲೆ ಮನೆಯಲ್ಲಿ ಯಾರಿಗಾದರೂ ವಾಂತಿಯೋ ಭೇದಿಯೋ ಆದರೆ, ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಉಂಡ ಸಮಯವೂ ತೊಂದರೆ ಆರಂಭವಾದ ಸಮಯವೂ ವೈದ್ಯರಿಗೆ ಬಹು ಮುಖ್ಯ. ಆರು ಗಂಟೆಗಿಂತ ತಡವಾಗಿ ಆರಂಭವಾದದ್ದು ಸಾಮಾನ್ಯವಾಗಿ ಹೆಚ್ಚು ಭಯಂಕರವಾದದ್ದು. ಬೇಗ ಆರಂಭವಾಯಿತೆಂದು ನಿಶ್ಚಿಂತರಾಗುವುದೂ ಸಲ್ಲದು, ಏಕೆಂದರೆ ಒಂದೇ ಸಾರಿನಲ್ಲಿ ಎರಡು ಜಾತಿಗಳು ಬೆರೆತಿರಬಹುದು. ಉಳಿದ ಅಣಬೆಯನ್ನಾಗಲಿ, ಸೋಸಿ ಎಸೆದ ಬುಡವನ್ನಾಗಲಿ, ಅದೂ ಇಲ್ಲದಿದ್ದರೆ ಮಿಕ್ಕ ಸಾರನ್ನಾಗಲಿ ಜೊತೆಗೆ ಒಯ್ಯಬೇಕು. ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಅದು ಬೇಗ ಕೊಳೆತು ಗುರುತು ಸಿಗದಂತಾಗುತ್ತದೆ. ಅದೇ ಊಟವನ್ನು ಉಂಡ ಉಳಿದವರನ್ನೂ, ಅವರು ಆರೋಗ್ಯವಾಗಿ ಕಂಡರೂ, ತೋರಿಸಬೇಕು. ರೋಗಿ ಚೇತರಿಸಿಕೊಂಡಂತೆ ಕಂಡ ಎರಡನೆಯ ದಿನ ಮನೆಗೆ ಕರೆತರುವ ಆತುರ ಬೇಡ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ಹಗಲಿರುಳೂ ನಡೆಯುತ್ತಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದಿಂದ ಯಾವ ಊರಿನ ವೈದ್ಯರೂ ಸಲಹೆ ಪಡೆಯಬಹುದು.

ಬೆಟ್ಟ ಹತ್ತಲು ಬರುವವರಿಗೆ ನನ್ನ ಅಭಿಪ್ರಾಯ ಖಚಿತವಾದದ್ದು: ಸಾವನದುರ್ಗದ ಅಣಬೆಯನ್ನು ನೋಡಿರಿ, ಮಂಡಿಯೂರಿ ಹತ್ತಿರದಿಂದ ನೋಡಿರಿ, ಮುಟ್ಟಿಯೂ ನೋಡಿರಿ, ಮುಟ್ಟಿದ ಮಾತ್ರಕ್ಕೆ ಇಲ್ಲಿ ಹೇಳಿದ ಅಣಬೆಗಳ ವಿಷ ಏರುವುದಿಲ್ಲ, ಆದರೆ ಕಿತ್ತು ಮನೆಗೆ ಒಯ್ಯಬೇಡಿರಿ. ಆ ಬೆಟ್ಟದ ಕಾಡು ರಾಜ್ಯ ಅರಣ್ಯ. ಅನುಮತಿಯಿಲ್ಲದೆ ಅಲ್ಲಿಂದ ಅರಣ್ಯೋತ್ಪನ್ನವನ್ನು ತೆಗೆಯುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ವಿರುದ್ಧ. ಹುತ್ತವನ್ನು ಅಗೆದು ಗೂಡನ್ನು ಕೆಡಿಸಿದರೆ ಮುಂದಿನ ವರ್ಷದ ಅಣಬೆಯೂ ಇಲ್ಲ, ಕಾಡಿನ ಕಸವನ್ನು ಮಣ್ಣಾಗಿಸುವ ಗೆದ್ದಲೂ ಇಲ್ಲ.

ಸುತ್ತಲ ಹಳ್ಳಿಗಳವರಲ್ಲಿ ಮಾಡಿಕೊಳ್ಳುವ ವಿಜ್ಞಾಪನೆ ಬೇರೆಯದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕನ್ನಡಿಗರಿಗೆ ಕಾಡಿನ ಗಿಡಮರಗಳನ್ನು ಪ್ರೀತಿಯಿಂದ ನೋಡುವುದನ್ನು ಕಲಿಸಿತು. ಅಣಬೆಗಳಿಗೂ ಅಂಥದೊಂದು ಗ್ರಂಥ ಬೇಕು, ಮತ್ತು ಅದರ ಸಾಮಗ್ರಿ ಪ್ರಯೋಗಾಲಯಗಳಲ್ಲಿರುವಷ್ಟೇ ನಿಮ್ಮ ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿಯೂ ಇದೆ. ಅವರು ಹೊಲದ ಬದುವಿನ ಹುತ್ತಕ್ಕೆ ಹೋಗುವಾಗ ನೀವೂ ಜೊತೆಯಲ್ಲಿ ಹೋಗಿರಿ. ಯಾವ ಮಳೆಯಲ್ಲಿ ಎದ್ದಿತು, ಎಂಥ ಮಣ್ಣು, ಬುಡ ಎಷ್ಟು ಆಳ, ಪದರದ ಬಣ್ಣವೇನು, ಯಾವುದನ್ನು ಅವರು ಮುಟ್ಟದೆ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನೆಲ್ಲ ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅಣಬೆಯನ್ನು ಬುಡಸಹಿತವಾಗಿ ಚಿತ್ರ ತೆಗೆದು, ಬೀಜಾಣುವಿನ ಅಚ್ಚನ್ನು ಕಾಗದದ ಮೇಲೆ ಹಿಡಿದು, ದಿನಾಂಕ ಹಾಕಿ ಇಟ್ಟುಕೊಳ್ಳಿರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶಿಲೀಂಧ್ರ ತಜ್ಞರಿಗೆ ಅದನ್ನು ತೋರಿಸಿರಿ.